ಬನಶಂಕರೆವ್ವನ ಅಡಕೊತ್ತು

ಗೋಡೆಗೆ ಒರಗಿಸಿ ಕೂರಿಸಿದ್ದ ಅಕ್ಕನ ಹೆಣದ ಸೊಂಟಕ್ಕೆ ಹಂಪವ್ವ ಎಲೆ-ಅಡಕೆಯ ಚಂಚಿಯನ್ನು ಸಿಕ್ಕಿಸುತ್ತಿದ್ದಾಗ ಮಗ್ಗದ ಕೋಣೆಯಿಂದ ಲಕ್ಷ್ಮೀದೇವಿ ಕೂಗಿದಳು.

"ಚಿಗವ್ವಾ, ತಡೀ! ಅದರಾಗ ನನ್ನ ಗುಳಗಿ ಅದಾವು!"

ಸತ್ತ ಬನಶಂಕರೆವ್ವನ ಒಬ್ಬಳೇ ಮಗಳು ಅವಳು. ತುಂಬು ಬಸುರಿ ಹೆಣದ ಹತ್ತಿರ ಬರಬಾರದೆಂದು ಹಿರಿಯರು ಅವಳನ್ನು ಹೊಸ್ತಿಲಿನಾಚೆಯೇ ಕೂರಿಸಿದ್ದರು.

"ತಲಿ ಕೆಟ್ಟಾಗ ಕೊಟ್ಟ ಗುಳಗಿ?" ಹಂಪವ್ವನ ಕೈ ನಿಂತಿತು. "ಹೊಟ್ಟ್ಯಾಗಿನ ಕೂಸಿನ ಎದಿ ಕೆಡಸ್ತಾವಂತಲ್ಲ, ಅವ? ಹೋಗ್ಲಿ ಬಿಡು. ಚಂಚಿ ಜೋಡಿ ಅಕ್ಕನೇ ಒಯ್ಲಿ."

"ಅಕಿಗೆ ಯಾಕ ಬೇಕವ್ವಾ?" ಪಕ್ಕದ ಮನೆಯ ಲಾಲಬಿ ಅಳುತ್ತಲೇ ಅಂದಳು. "ಇಡೀ ಬೆಟಗೇರ್ಯಾಗ ತಲಿ ನೆಟ್ಟಗಿದ್ದಾಕಿ ಅಕಿ ಒಬ್ಬಾಕೀನ."

ಹೆಂಗಸರು ಸೆರಗಿನ ಮರೆಯಲ್ಲಿ ನಕ್ಕು, ಮತ್ತೆ ಅತ್ತರು.

*

ಕೂಸಿನ ಎದೆ ಕೆಡುತ್ತದೆಂಬ ಅದೇ ಮಾತಿಗೆ ಹೆದರಿ ಲಕ್ಷ್ಮೀದೇವಿ ಬಸುರಾದ ಹೊಸದರಲ್ಲಿ ಗುಳಿಗೆ ಬಿಟ್ಟಿದ್ದಳು. ನಿದ್ದೆ ಹೋಯಿತು, ಮಾತು ಹೆಚ್ಚಿತು. ಒಂದು ದಿನ ಬರಿಗಾಲಲ್ಲಿ ಮನೆಬಿಟ್ಟವಳು ಮುಳಗುಂದದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ಬನಶಂಕರೆವ್ವ ಅರ್ಧ ನೇಯ್ದ ಸೀರೆಯನ್ನು ಮಗ್ಗದ ಮೇಲೇ ಬಿಟ್ಟು ಡಾಕ್ಟರ ಹತ್ತಿರ ಓಡಿದ್ದಳು.

"ಕೂಸಿನ ಹೃದಯಕ್ಕ ಸ್ವಲ್ಪ ಭಯ ಐತಿ, ಸುಳ್ಳು ಹೇಳೂದಿಲ್ಲ" ಎಂದಿದ್ದರು ಡಾಕ್ಟರಮ್ಮ. "ಆದ್ರ ಹಿಂಗ ಒಮ್ಮೆಲೆ ಬಿಟ್ರ ತಾಯಿಗೇ ಗಂಡಾಂತರ. ಸದ್ಯ ಅರ್ಧರ್ಧ ಕೊಡ್ರಿ. ರಕ್ತ ನೋಡ್ಕೋತ, ಸ್ಕ್ಯಾನ್ ಮಾಡ್ಕೋತ ಹೋಗೂಣು."

ಮುಂದೆ ಸ್ಕ್ಯಾನಿನಲ್ಲಿ ಕೂಸಿನ ಎದೆಬಡಿತ ಕೇಳಿದಾಗ ಬನಶಂಕರೆವ್ವ ಡಾಕ್ಟರಮ್ಮನ ಕೈಯನ್ನೇ ಹಿಡಿದುಬಿಟ್ಟಿದ್ದಳು.

"ಎವ್ವಾ, ನನ್ನ ಮಗ್ಗಕ್ಕಿಂತ ಜಲ್ದಿ ಓಡಾಕತ್ತೈತಲ್ಲ! ಎಳಿ ಎಲ್ಲೂ ಹರಿದಿಲ್ಲಲ್ರಿ?"

"ಇಲ್ಲಬೇ. ಎಲ್ಲಾ ಚಲೋ ಐತಿ."

*

"ಖರೇನ ಹಂಗಂದ್ರು, ಚಿಗವ್ವಾ. ಅವ್ವ ತನ್ನ ಕಿವಿಲೇ ಕೇಳ್ಯಾಳ" ಎಂದು ಲಕ್ಷ್ಮೀದೇವಿ ಹೇಳಿ ಮುಗಿಸಿದಳು. "ಮುಂಜಾನಿಂದ ನಾ ತಗೊಂಡಿಲ್ಲ. ಅಂಜಿಕಿ ಬರಾಕತ್ತೈತಿ."

ಹಂಪವ್ವ ಚಂಚಿ ಬಿಚ್ಚಿದಳು. ಎಲೆಯ ಮಗ್ಗುಲಲ್ಲಿ, ಒಗೆದ ಬಟ್ಟೆಯ ಚೂರಿನಲ್ಲಿ, ಅರ್ಧರ್ಧ ಕತ್ತರಿಸಿದ ಬಿಳಿ ಗುಳಿಗೆಗಳು. ಅಂಚಿಗೆ ಅಡಕೆಯ ಪುಡಿ ಹತ್ತಿತ್ತು.

"ಅಯ್ಯ ಅಕ್ಕಾ... ಉಂಡ ಮ್ಯಾಲೆ ಅಡಕೊತ್ತಿನಾಗ ಕಟಕ್ ಅನ್ನಸ್ತಿದ್ದಿ. ಒಂದ ಮನ್ಯಾಗಿದ್ದು ನಾ ಅಡಕಿ ಅಂದ್ಕೊಂಡಿದ್ನಲ್ಲ!"

ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿರಲಿಲ್ಲ. ಲಾಲಬಿ ತನ್ನ ಮನೆಯಿಂದ ಗಂಜಿ ತಂದಳು. ಹಂಪವ್ವ ಕೈ ತೊಳೆದು, ಹೊಸ್ತಿಲಿನಾಚೆ ಚಾಚಿದ್ದ ಅಂಗೈಯಲ್ಲಿ ಅರ್ಧ ಗುಳಿಗೆ ಇಟ್ಟಳು. ಅದು ಗಂಟಲಲ್ಲಿ ಇಳಿಯುವವರೆಗೆ ಅಲ್ಲಿಂದ ಕದಲಲಿಲ್ಲ.

ಹೆಣ ಎತ್ತಲು ಗಂಡಸರು ಒಳಗೆ ಬಂದರು. "ಚಂಚಿ ಇಟ್ರೇನು?"

"ಇಟ್ಟೇನ್ರಿ."

ಎಲೆ, ಅಡಕೆ, ಸುಣ್ಣದ ಡಬ್ಬಿ ಬನಶಂಕರೆವ್ವನ ಸೊಂಟದಲ್ಲಿದ್ದವು. ಅಡಕೊತ್ತು ಮಾತ್ರ, ಗುಳಿಗೆಯ ಬಟ್ಟೆಯ ಜೊತೆ, ಹಂಪವ್ವನ ಸೊಂಟದಲ್ಲಿತ್ತು.