ಕೆನ್ನೆಯ ಮೇಲಿನ ರಾಜ್ಯ

"ಅಲುಗಾಡ್ಬೇಡ್ವೋ ಸೂಳೆಮಗನೆ! ಸೂಜಿ ಕಣ್ಣಿಗೆ ಹೋದ್ರೆ ನಂಗೇನು?"

ಗೆಂಗ್ ಅಲುಗಿರಲಿಲ್ಲ. ನೊಣ ಕೂತು ಕೆನ್ನೆ ಅದುರಿತ್ತು, ಅಷ್ಟೆ. ಹಚ್ಚೆಯವನು ಅವನ ತಲೆಯನ್ನು ಮೊಣಕಾಲ ಸಂದಿಯಲ್ಲಿ ಅದುಮಿ, ಬಲಗೆನ್ನೆಯ ಮೇಲೆ 'ಯಾನ್' ಎಂದು ಚುಚ್ಚಿ ಮಸಿ ತಿಕ್ಕಿದ. ಯೂಜೌ ಕೋಟೆಯ ದಂಡನಾಯಕ ತಾನೇ ಸಾಮ್ರಾಟನೆಂದು ಸಾರಿಕೊಂಡು, ಯಾನ್ ಎಂಬ ರಾಜ್ಯ ಕಟ್ಟಿ ತಿಂಗಳಾಗಿರಲಿಲ್ಲ. ಗಂಡಸರೆಲ್ಲ ಇನ್ನು ಅವನ ಸೈನಿಕರು. ಓಡಿಹೋದರೆ ಗುರುತು ಸಿಗಬೇಕಲ್ಲ. ಓದುಬರಹ ಬಲ್ಲವರಿಗೆ ಮಾತ್ರ ಹಚ್ಚೆ ತೋಳಿನ ಮೇಲೆ. ಗೆಂಗ್ ಗೇಣಿಗೆ ಉಳುತ್ತಿದ್ದ ಹೊಲದ ಒಡೆಯ ಲು, ನಿಲುವಂಗಿಯ ತೋಳು ಇಳಿಸಿಕೊಂಡು ಹತ್ತಿರ ಬಂದ.

"ಅಕ್ಷರ ಗೊತ್ತಿಲ್ಲ ಅಂತಿದ್ದೆಯಲ್ಲೋ, ಈಗ ನೋಡು, ನಿನ್ನನ್ನೇ ಓದ್ಬೋದು."

ಸುತ್ತಲಿದ್ದವರು ನಕ್ಕರು. ಗೆಂಗನೂ ನಕ್ಕ. ಕೆನ್ನೆ ಎಳೆಯಿತು.

ಎರಡು ವರ್ಷ ಅವನು ಕೋಟೆಯ ಮೇಲೆ ಕಲ್ಲು ಹೊತ್ತ. ನೆರೆಯ ಜಿನ್ ರಾಜ್ಯದ ಸೈನ್ಯ ಮುತ್ತಿಗೆ ಹಾಕಿದ ಮೇಲೆ ನವಣೆ ಮುಗಿಯಿತು, ಹೊಟ್ಟು ಮುಗಿಯಿತು, ಕೊನೆಗೆ ಜೇಡಿಮಣ್ಣಿಗೆ ಹುಲ್ಲಿನ ಬೇರು ಕಲಸಿ ಕೊಟ್ಟರು. ಅದನ್ನು ತಿಂದು ಅವನ ತಮ್ಮ ಸತ್ತ. ಹೆಣವನ್ನು ಗೋಡೆಯಾಚೆ ಎಸೆಯುವಾಗ ಗೆಂಗ್ ಕಾಲು ಹಿಡಿದ. ತಲೆಯ ಕಡೆ ಇನ್ಯಾರೋ. ಚಳಿಗಾಲದಲ್ಲಿ ಕೋಟೆ ಬಿತ್ತು. ಸಾಮ್ರಾಟ ಹೆಂಡಿರ ಜೊತೆ ಪರಾರಿಯಾಗಿದ್ದನಂತೆ, ಹಿಡಿದು ತಲೆ ಕಡಿದರಂತೆ. ಯಾರೂ ಅಳಲಿಲ್ಲ. ಯಾರೂ ಕುಣಿಯಲಿಲ್ಲ.

ಹಿಮ ಕರಗಿದ ಮೇಲೆ ಲು ಒಡೆಯನ ಅಂಗಳದಲ್ಲಿ ಜಿನ್ ಅಧಿಕಾರಿಯೊಬ್ಬ ಕೂತಿದ್ದ. ಲು ತಾನೇ ನಿಂತು ಹೆಂಡ ಬಗ್ಗಿಸುತ್ತಿದ್ದ. ಅವನ ತೋಳಿನ ಹಚ್ಚೆಯನ್ನು ಯಾರೂ ಕೇಳಲಿಲ್ಲ. ಗೇಣಿದಾರರು ಸಾಲುಗಟ್ಟಿದ್ದರು. ಯಾನ್ ಗುರುತನ್ನು ಒಣ ಮಾಚಿಪತ್ರೆ ಸೊಪ್ಪಿನ ಕೆಂಡದಿಂದ ಸುಡಿಸಿಕೊಂಡವನಿಗೆ ಮೊದಲಿನ ಹೊಲ. ಒಲ್ಲದವನಿಗೆ ಹಗ್ಗ, ಗಡಿಯಲ್ಲಿ ಕಂದಕ ತೋಡುವ ಕೆಲಸ. ಅಲ್ಲಿಂದ ವಾಪಸು ಬಂದವರನ್ನು ಊರು ಕಂಡಿರಲಿಲ್ಲ.

"ಸುಡಿಸ್ಕೊಂಡ್ಬಿಡು," ಹೆಂಡತಿ ರುವಾನ್ ಹಿಂದಿನಿಂದ ಪಿಸುಗುಟ್ಟಿದಳು. "ಕೆನ್ನೆ ಹಾಳಾಗ್ಲಿ. ಧಣಿ ಬಿತ್ತನೆ ನವಣೆ ಕೊಟ್ಟವ್ರೆ, ಬಿತ್ತೋಕೆ ನೀನಿರ್ಬೇಕು."

"ಹೂಂ," ಎಂದ. ಅವನಿಗೂ ಅದೇ ಬೇಕಿತ್ತು.

ಮುಂದಿದ್ದ ಮುದುಕ ಫಾಂಗ್ ಮಲಗಿದ. ಕೆಂಡ ಇಟ್ಟರು. ಮಾಂಸ ಸೀದ ವಾಸನೆ ಬಂತು. ಕಿರುಚಾಟ ನಿಂತ ಮೇಲೆ ಅಧಿಕಾರಿ ಸನ್ನೆ ಮಾಡಿದ. ಒಬ್ಬ ಸೂಜಿ, ಮಸಿ ತಂದು ಮುದುಕನ ಎಡಗೆನ್ನೆಯನ್ನು ಮೇಲಕ್ಕೆ ತಿರುಗಿಸಿದ.

"ಇದೇನ್ ಧಣಿ?" ಗೆಂಗ್ ಕೇಳಿದ.

"ಜಿನ್ ಅಂತ ಬರೀತಾರೆ ಕಣೋ. ಪುಣ್ಯ ಮಾಡಿದ್ದೀಯ, ಮಲಕ್ಕೋ," ಎಂದ ಲು.

ಗೆಂಗ್ ಮಲಗಲಿಲ್ಲ. ಅಧಿಕಾರಿಯತ್ತ ತಿರುಗಿದ.

"ನಿಮ್ ರಾಜ್ಯ ಎಷ್ಟು ವರ್ಷ ಇರ್ತದೆ ಸ್ವಾಮಿ? ನಂಗಿರೋವು ಎರಡೇ ಕೆನ್ನೆ."

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ಎಲಾ ನಾಯಿ!" ಲು ಕೆರ ಕಿತ್ತು ಅವನ ಬಾಯಿಗೆ ಬಾರಿಸಿದ.

ಗೆಂಗ್ ರಕ್ತ ಉಗುಳಿ ಹಗ್ಗದವನ ಮುಂದೆ ಹೋದ. ಎರಡೂ ಕೈ ಚಾಚಿದ. ರುವಾನ್ ಅಳಲಿಲ್ಲ, ಬೈಯಲೂ ಇಲ್ಲ.

"ಧಣಿ ಕೊಟ್ಟಿರೋ ಬಿತ್ತನೆ ನವಣೆ ಏನ್ಮಾಡ್ಲಿ?" ಎಂದು ಕೇಳಿದಳು.

"ಬೇಯ್ಸು."

ಊರು ದಾಟುವಾಗ ಹಗ್ಗ ಜಗ್ಗಿದರೂ ಅವನು ಒಮ್ಮೆ ತಿರುಗಿ ನೋಡಿದ. ಅವನ ಗುಡಿಸಲ ಮಾಡಿನಿಂದ ಹೊಗೆ ಏಳುತ್ತಿತ್ತು.