ಅಡೆಲೀನುವಿನ ಕೈಗವಸು

ಆ ಪ್ಲಾಸ್ಟಿಕ್ ಚೀಲದ ಮೇಲೆ ನೊಣವೊಂದು ಕೂರುತ್ತದೆ, ಏಳುತ್ತದೆ, ಮತ್ತೆ ಅಲ್ಲೇ ಕೂರುತ್ತದೆ, ಯಾರಾದರೂ ಓಡಿಸಬಾರದೇ, ಹೊಸ ಮಸೂದೆಯ ಬಗ್ಗೆ ಸಾಕ್ಷ್ಯ ಕೇಳಲು ಲಿಸ್ಬನ್ನಿನಿಂದ ಬಂದ ಐವರು ಸಂಸದರು ಮೇಜಿನ ಹಿಂದೆ ಕೂತಿದ್ದಾರೆ, ಒಬ್ಬರಿಗೂ ಕೈಬೀಸುವ ವ್ಯವಧಾನವಿಲ್ಲ, ಚೀಲದೊಳಗಿರುವುದು ನನ್ನ ಗಂಡನ ಕೈಗವಸು, ಆಸ್ಪತ್ರೆಯವರು ಮುದುಡಿ ಗಂಟು ಹಾಕಿ ಕೊಟ್ಟದ್ದನ್ನು ಯಾರೂ ಬಿಚ್ಚಿಲ್ಲ, ರಕ್ತ ಒಣಗಿ ಕಾಫಿಚರಟದ ಬಣ್ಣಕ್ಕೆ ತಿರುಗಿದೆ — ಇದೇ ಅಗ್ನಿಶಾಮಕದವರ ಸಭಾಂಗಣದಲ್ಲಿ ನಮ್ಮ ಮದುವೆಯೂಟ ಆಗಿದ್ದು, ಆ ಮೇಜಿರುವ ಜಾಗದಲ್ಲೇ ಅಡೆಲೀನು ನನ್ನನ್ನು ಕುಣಿಸಿದ್ದ, ಹತ್ತು ಬೆರಳೂ ನನ್ನ ಬೆನ್ನ ಮೇಲಿದ್ದವು, ಈಗ ಪಕ್ಕದಲ್ಲಿ ಬಲಗೈಯನ್ನು ಜೇಬಿನಲ್ಲಿ ಬಚ್ಚಿಟ್ಟು ಕೂತಿದ್ದಾನೆ, ಎರಡು ಬೆರಳು ಕಡಿಮೆಯಾದ ಕೈ. ಹಿಂದಿನಿಂದ ಕಾರ್ಮಿಕ ಸಂಘದ ಅರ್ಮಿಂದು ಬಗ್ಗಿ ಪಿಸುಗುಡುತ್ತಾನೆ, ಹೆದರ್ಬೇಡ ಝುಲ್ಮೀರಾ, ಕಣ್ಣಾರೆ ಕಂಡಿದ್ದನ್ನ ಹೇಳು, ಸಾಕು. ಕಂಡಿದ್ದನ್ನು ಹೇಳಬೇಕಂತೆ, ಕರ್ಮ. ಮಸೂದೆ ಪಾಸಾದರೆ ಕೈಗವಸು ಹಾಕದೆ ಗಾಯ ಮಾಡಿಕೊಂಡವನಿಗೆ ಪರಿಹಾರ ಅರ್ಧ, ತಪ್ಪು ಅವನದೇ, ಅದಕ್ಕೇ ಅರ್ಮಿಂದು ತಿಂಗಳಿಂದ ಊರೆಲ್ಲ ಹೇಳಿಕೊಂಡು ತಿರುಗಿದ್ದಾನೆ, ನಮ್ಮ ಅಡೆಲೀನು ಗವಸು ಹಾಕ್ಕೊಂಡೇ ಇದ್ನಲ್ಲ, ಬೆರಳು ಉಳೀತಾ, ಹೇಳ್ರಪ್ಪ.

ಯಾರು ಹಾಕುತ್ತಾರೆ ಗವಸು, ಸೀಸೆಗಳಿಗೆ ಬಿರಡೆ ಮಾಡುವ ನಮ್ಮ ಕಾರ್ಖಾನೆಯಲ್ಲಿ ಯಾರೂ ಹಾಕುವುದಿಲ್ಲ, ಕಾಲಲ್ಲಿ ಪೆಡಲು ಒತ್ತಿ ಕಾರ್ಕ್ ಮರದ ತೊಗಟೆಯ ಪಟ್ಟಿಯನ್ನು ತಿರುಗುವ ಕೊಳವೆ ಅಲಗಿಗೆ ಕೊಡುವಾಗ ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು ಎಂದು ಬೆರಳ ತುದಿಯೇ ಹೇಳಬೇಕು, ಗವಸು ಹಾಕಿದವನನ್ನು ಮೇಸ್ತ್ರಿಯೇ ಆಡಿಕೊಳ್ಳುತ್ತಿದ್ದ, ಏನಯ್ಯಾ, ಚಳೀನಾ, ತಪಾಸಣೆಯವರು ಬಂದ ದಿನ ಮಾತ್ರ ಮೊಳೆಯಿಂದ ಇಳಿಸಿ ಧೂಳು ಕೊಡವುವುದು. ಅವತ್ತು ಬೆಳಿಗ್ಗೆ ಕ್ಯಾಂಟೀನಿನ ರೇಡಿಯೋದಲ್ಲಿ ಮಸೂದೆಯ ಸುದ್ದಿ, ಅರ್ಧ ಕಿವಿಯಲ್ಲಿ ಕೇಳಿ ಕಾನೂನು ಬಂದೇಬಿಟ್ಟಿದೆ ಅಂದುಕೊಂಡೆ, ದಡ್ಡಿ ನಾನು, ಮಧ್ಯಾಹ್ನ ನಾನು ಬಿರಡೆ ಆರಿಸುತ್ತಿದ್ದೇನೆ, ಅಡೆಲೀನುವಿನ ಯಂತ್ರದ ಸದ್ದು ಒಂದು ಕ್ಷಣ ಬದಲಾಗುತ್ತದೆ, ಅವನು ಎರಡು ಬೆರಳು ಹೋದ ಕೈಯನ್ನೇ ನೋಡುತ್ತ ನಿಂತಿದ್ದ, ಬೇರೆ ಹೆಂಡತಿಯಾಗಿದ್ದರೆ ಬಟ್ಟೆ ಸುತ್ತುತ್ತಿದ್ದಳು, ನಾನು ಮೊಳೆಯಿಂದ ಗವಸು ಕಿತ್ತು ಆ ಕೈಗೆ ಏರಿಸಿದೆ, ನೋಯ್ತದೆ ಕಣೇ, ಏನ್ಮಾಡ್ತಿದ್ದೀಯ, ಸುಮ್ನಿರು, ನಿನ್ನ ಒಳ್ಳೇದಕ್ಕೇ, ಅಂದೆ, ಏರಿಸುವಾಗ ಗವಸಿನೊಳಗೆ ರಕ್ತ ಬೆಚ್ಚಗೆ ಹರಡಿತು. ಆಮೇಲೆ ಗೊತ್ತಾಯಿತು, ಈಗಿನ ಕಾನೂನಿನಲ್ಲಿ ಗವಸಿನ ಮಾತೇ ಇಲ್ಲ, ಬರಿಗೈಯಲ್ಲಿದ್ದರೂ ಅವನಿಗೆ ಪರಿಹಾರ ಪೂರ್ತಿ ಸಿಗುತ್ತಿತ್ತು, ಅಷ್ಟರಲ್ಲಿ ನನ್ನ ಸುಳ್ಳು ಅರ್ಮಿಂದುವಿನ ಬಾಯಿ ಸೇರಿತ್ತು, ಇವತ್ತು ಅದು ಮುರಿದರೆ ನಮ್ಮವರ ಮಾತನ್ನು ಇನ್ನು ಯಾರು ನಂಬುತ್ತಾರೆ, ಮಸೂದೆ ಸಲೀಸಾಗಿ ಪಾಸಾಗುತ್ತದೆ, ನಾಳೆ ಬರಿಗೈಯಲ್ಲಿ ಪೆಡಲು ಒತ್ತುವವರೆಲ್ಲ ನನ್ನನ್ನು ಶಪಿಸುತ್ತಾರೆ —

ಮೇಜಿನ ಹಿಂದಿನಿಂದ ಕರೆಯುತ್ತಾರೆ, ಝುಲ್ಮೀರಾ ಅವರೇ, ಮುಂದೆ ಬನ್ನಿ. ಎದ್ದು ಮೇಜಿನ ಮುಂದೆ ನಿಲ್ಲುತ್ತೇನೆ. ಕನ್ನಡಕದ ಸಂಸದೆ ಚೀಲದ ಗಂಟು ಬಿಚ್ಚುತ್ತಿದ್ದಾರೆ, ನಿಧಾನವಾಗಿ, ನೊಣ ಹಾರಿಹೋಯಿತು, ನಿಜ ಹೇಳಿಬಿಡಲೇ, ಅಮ್ಮಾ, ನೀವೇ ಒಂದು ತೊಗಟೆ ಮುಟ್ಟಿ ನೋಡಿ, ಗವಸು ಹಾಕಿ ಈ ಕೆಲಸ ಮಾಡೋಕಾಗಲ್ಲ, ಮೊದಲ ದಿನವೇ ಹೇಳಬೇಕಿದ್ದ ಮಾತು ಇದೇ ಅಲ್ಲವೇ, ಅಡೆಲೀನು ನನ್ನನ್ನೇ ನೋಡುತ್ತಿದ್ದಾನೆ, ಅಪಘಾತ ಆದಾಗ ನಿಮ್ಮ ಯಜಮಾನ್ರು ಇದನ್ನೇ ಹಾಕ್ಕೊಂಡಿದ್ರಾ, ಎನ್ನುತ್ತ ಆಕೆ ಮುದುಡಿದ ಗವಸನ್ನು ಪೆನ್ನಿನ ತುದಿಯಿಂದ ಬಿಡಿಸುತ್ತಾರೆ, ಹೆಬ್ಬೆರಳು, ಆಮೇಲೆ ತೋರುಬೆರಳು, ಅದು ಹೋಗಿದ್ದಲ್ಲವೇ, ಅಲಗು ಎಲುಬನ್ನು ಕಡಿದು ಬಟ್ಟೆಯನ್ನು ಬಿಟ್ಟೀತೇ, ನಡುಬೆರಳು, ಅದೂ ಹೋಗಿದ್ದೇ, ಪೆನ್ನು ಅಲ್ಲೇ ನಿಂತಿತು, ಎಲ್ಲೂ ಒಂದು ಹರುಕಿಲ್ಲ, ಗವಸಿಗೆ ಐದು ಬೆರಳಿವೆ, ಐದೂ ತುದಿಯವರೆಗೆ ಪೂರ್ತಿ, ಐದೂ