ಉಮಾದೇವಿಯವರು ಗೆದ್ದ ವಾದ

ಉಮಾದೇವಿಯವರು ಕೂತು ವಾದಿಸಿದ್ದನ್ನು ಕಂಡವರಿಲ್ಲ. ವಿಜಯವಾಡದ ಗವರ್ನರ್‌ಪೇಟೆಯ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳುವಾಗಲಿ, ಮನೆಯಲ್ಲಿ ಹುರುಳಿಕಾಯಿ ಸೋಸುತ್ತ ಗಂಡ ಸೂರ್ಯಪ್ರಕಾಶರೊಡನೆ ಜಗಳಾಡುವಾಗಲಿ, ಮಾತು ಕಾವೇರಿದೊಡನೆ ಎದ್ದು, ಮಂಗಳಗಿರಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಲಗೈಯ ಅಂಚಿನಿಂದ ಗಾಳಿಯನ್ನು ತುಂಡುತುಂಡಾಗಿ ಕತ್ತರಿಸುವರು. ಧಾರವಾಡ ಬಿಟ್ಟು ಎಷ್ಟೋ ವರ್ಷಗಳಾಗಿದ್ದರೂ ಅವರ ಕನ್ನಡದ ಖಡಕ್ಕು ಕರಗಿರಲಿಲ್ಲ. 'ಅಂಡಿ' ಎಂಬ ತೆಲುಗಿನ ಮರ್ಯಾದೆಯೊಂದು ಮಾತ್ರ ವಾಕ್ಯದ ಬಾಲಕ್ಕೆ ಅಂಟಿಕೊಂಡಿತ್ತು.

ಎಪ್ಪತ್ತೊಂದರ ಯುದ್ಧದಲ್ಲಿ ಅಣ್ಣನನ್ನು ಕಳೆದುಕೊಂಡವರು ಅವರು. ಯುದ್ಧವೆಂಬ ಶಬ್ದ ಕೇಳಿದರೇ ಮುಖ ಕಪ್ಪಿಡುತ್ತಿತ್ತು. ಆದ್ದರಿಂದಲೇ ಆರ್ಥಿಕ ದಿಗ್ಬಂಧನದಲ್ಲಿ ಅವರಿಗೆ ಭಕ್ತಿಗೆ ಸಮೀಪದ ನಂಬಿಕೆ. ಯಾವುದೋ ಸರ್ಕಾರ ಕ್ಷಿಪಣಿಗಳನ್ನು ಕೊಂಡು ನೆರೆಹೊರೆಯನ್ನು ಹೆದರಿಸತೊಡಗಿದರೆ, ಅದರ ಬ್ಯಾಂಕುಗಳೊಡನೆ ವ್ಯವಹಾರ ನಿಲ್ಲಿಸಬೇಕು, ಅದರ ಹಡಗುಗಳಿಗೆ ಬಂದರು ಮುಚ್ಚಬೇಕು; ಔಷಧಿಗಷ್ಟೇ ವಿನಾಯಿತಿ. "ಒಂದ ಹನಿ ರಕ್ತ ಬೀಳೂದಿಲ್ಲಂಡಿ," ಎನ್ನುವರು.

೨೦೦೭ರಲ್ಲಿ ವಿಶಾಖಪಟ್ಟಣದ ವಿಚಾರ ಸಂಕಿರಣವೊಂದರಲ್ಲಿ ಇದನ್ನೇ ಅವರು ಸೊಗಸಾದ ಇಂಗ್ಲಿಷಿನಲ್ಲಿ ಮಂಡಿಸಿದರು. ಪಶ್ಚಿಮ ಏಷ್ಯಾದ ದೇಶವೊಂದರ ಮೇಲೆ ಆಗಷ್ಟೇ ಅಂಥ ದಿಗ್ಬಂಧನ ಬಿದ್ದಿತ್ತು. ಆ ದೇಶದಿಂದಲೇ ಓದಲು ಬಂದಿದ್ದ ನಸ್ರೀನ್ ಎಂಬ ಹುಡುಗಿ ಎದ್ದು ನಿಂತಳು. ಅವಳ ತಮ್ಮನಿಗೆ ಥಲಸೇಮಿಯಾ. ಪದೇಪದೇ ರಕ್ತ ಕೊಡಿಸಬೇಕು, ರಕ್ತದಿಂದ ಮೈಯಲ್ಲಿ ಸೇರುವ ಕಬ್ಬಿಣವನ್ನು ಔಷಧಿಯಿಂದ ತೆಗೆಯಬೇಕು. ಆ ಔಷಧಿ ತಯಾರಾಗುತ್ತಿದ್ದದ್ದು ಇದೇ ವಿಶಾಖಪಟ್ಟಣದಲ್ಲಿ.

"ಔಷಧಿಗೆ ವಿನಾಯಿತಿ ಇದೆ ಎಂದಿರಿ, ಮೇಡಂ. ಆದರೆ ನಮ್ಮೂರಿಗೆ ಅದು ಬರುವುದು ನಿಂತುಹೋಗಿದೆ."

"ಹಾಗಾದರೆ ಕ್ಷಿಪಣಿಯ ಬದಲು ಔಷಧಿ ಕೊಳ್ಳಲು ನಿಮ್ಮ ಸರ್ಕಾರಕ್ಕೆ ಹೇಳಿ," ಎಂದರು ಉಮಾದೇವಿ.

ಸಭೆ ಚಪ್ಪಾಳೆ ತಟ್ಟಿತು. ಹುಡುಗಿ ಕೂತಳು.

ಚಪ್ಪಾಳೆ ನಿಲ್ಲುವ ಮೊದಲೇ ಉಮಾದೇವಿಯವರಿಗೆ ಆಡಿದ ಮಾತು ಹೆಚ್ಚಾಯಿತೆನಿಸಿತು. ಹೊರಗೆ ಅವಳನ್ನು ಹುಡುಕಿ, ಕೈ ಹಿಡಿದು, ತಾವೇ ತರಿಸಿಕೊಡುವುದಾಗಿ ಮಾತು ಕೊಟ್ಟರು. ಆ ಔಷಧಿ ತಯಾರಿಸುವ ಕಂಪನಿಯಲ್ಲಿ ರಫ್ತು ನೋಡಿಕೊಳ್ಳುತ್ತಿದ್ದ ಕಾಮೇಶ್ವರ ಉಮಾದೇವಿಯವರ ಮೈದುನ. "ವದಿನಾ, ಮಾಲು ಗೋಡೌನಿನಲ್ಲೇ ಇದೆ. ಕಾನೂನು ಬೇಡ ಅನ್ನುವುದಿಲ್ಲ, ಆದರೆ ಯಾವ ಬ್ಯಾಂಕೂ ಮುಟ್ಟುವುದಿಲ್ಲ, ಹಡಗಿನವರೂ ಒಪ್ಪುವುದಿಲ್ಲ. ತಮ್ಮ ಮೇಲೂ ಎಲ್ಲಿ ದಿಗ್ಬಂಧನ ಬಿದ್ದೀತೋ ಎಂದು ಎಲ್ಲರಿಗೂ ಹೆದರಿಕೆ," ಎಂದು ಅತ್ತಿಗೆಗೆ ಆತ ತಿಳಿಹೇಳಿದ.

ಇಲ್ಲಿಯ ಅಂಗಡಿಯಲ್ಲೇ ಕೊಂಡು ಹುಡುಗಿಯ ಕೈಯಲ್ಲಿ ಕಳಿಸಿಬಿಡೋಣವೆಂದು ಸೂರ್ಯಪ್ರಕಾಶರು ಅಂದೇ ಹೇಳಿದ್ದರು. ಉಮಾದೇವಿ ಒಪ್ಪಲಿಲ್ಲ.

"ವಿನಾಯಿತಿ ಅದ ಅಂದಮ್ಯಾಲೆ ಕದ್ದವರಂಗ ಯಾಕ ಒಯ್ಯಬೇಕ್ರೀ? ರಾಜಮಾರ್ಗದಾಗ ಹೋಗ್ಲಿ. ಒಬ್ಬರಿಗೆ ದಾರಿ ಆದ್ರ ಎಲ್ಲಾರಿಗೂ ಆಗತದ."

ನಸ್ರೀನ್ ಕೂಡ ಅವರನ್ನು ನಂಬಿ ಕಾದಳು. ಬ್ಯಾಂಕಿನಿಂದ ಬ್ಯಾಂಕಿಗೆ, ಕಚೇರಿಯಿಂದ ಕಚೇರಿಗೆ ಅಲೆದು ಉಮಾದೇವಿಯವರ ಬೇಸಿಗೆಯೆಲ್ಲ ಕಳೆಯಿತು. ಎಲ್ಲರೂ ಕುರ್ಚಿ ಕೊಟ್ಟರು, ಕಾಫಿ ಕೊಟ್ಟರು, ವಿನಾಯಿತಿ ಇರುವುದು ನಿಜವೆಂದು ತಲೆದೂಗಿದರು. ಕೊನೆಗೆ ಸೋತು, ಅಂಗಡಿಯಲ್ಲಿ ಕೊಂಡು, ವೈದ್ಯರ ಚೀಟಿಯೊಡನೆ ಅವಳ ಕೈಯಲ್ಲೇ ಕಳಿಸಿದರು. ಅಷ್ಟರಲ್ಲಿ ಮೈಯಲ್ಲಿ ಕಬ್ಬಿಣ ಸೇರಿ ಸೇರಿ ಹುಡುಗನ ಹೃದಯ ಕೆಟ್ಟುಹೋಗಿತ್ತು. ಅಕ್ಕ ತಲುಪಿದ ವಾರದಲ್ಲೇ ತೀರಿಕೊಂಡ.

ತಿರುಗಿ ಬಂದು ಓದು ಮುಗಿಸಿದ ಮೇಲೆ, ಊರಿಗೆ ಮರಳುವ ಮುನ್ನ ನಸ್ರೀನ್ ವಿಜಯವಾಡಕ್ಕೆ ಬಂದಳು. ಬೈಗುಳಕ್ಕೆ ಸಿದ್ಧರಾಗಿದ್ದ ಉಮಾದೇವಿಗೆ ಅವಳು ಹೇಳಿದ್ದು ಇಷ್ಟೇ: "ಅಂದು ನೀವು ಹೇಳಿದ್ದು ಸರಿಯಾಗಿಯೇ ಇತ್ತು, ಮೇಡಂ. ನಮ್ಮ ಸರ್ಕಾರ ಔಷಧಿಯನ್ನೇ ಕೊಳ್ಳಬೇಕಿತ್ತು. ಅದಕ್ಕೇ ನನಗೆ ಉತ್ತರ ಹೊಳೆಯಲಿಲ್ಲ."

ಅವಳು ಹೋದ ಮೇಲೆ ಉಮಾದೇವಿ ಬಾಗಿಲಲ್ಲೇ ಕೂತುಬಿಟ್ಟರು. "ಆಕಿ ಬೈದಿದ್ರ ಚಲೋ ಇತ್ತು," ಎಂದು ಗಂಡನ ಮುಂದೆ ಅತ್ತರು.

ಆಮೇಲೂ ಅವರು ಅದೇ ಪಾಠ ಹೇಳಿದರು, ಏಕೆಂದರೆ 'ಮತ್ತೇನು, ಕ್ಷಿಪಣಿ ಕೊಳ್ಳುವವರನ್ನು ಸುಮ್ಮನೆ ನೋಡುತ್ತ ಕೂರಬೇಕೆ' ಎಂದು ವಿದ್ಯಾರ್ಥಿಗಳು ಕೇಳಿದರೆ ಬೇರೆ ದಾರಿ ಅವರಿಗೆ ತೋರುತ್ತಿರಲಿಲ್ಲ. ಆದರೆ ವಿನಾಯಿತಿಯ ಭಾಗ ಬಂದಾಗ ದನಿ ತಗ್ಗುತ್ತಿತ್ತು. ಹಿಂದಿನ ಬೆಂಚಿನವರಿಗೆ ಕೇಳಿಸುತ್ತಿರಲಿಲ್ಲ.

ಹಿಂಸೆಯನ್ನು ಮನಸಾರೆ ದ್ವೇಷಿಸುವವರೇ ಯಾರಿಗೂ ನೋವಾಗದ ಶಿಕ್ಷೆಯೊಂದು ಎಲ್ಲಾದರೂ ಇದ್ದೀತೆಂದು ಆಸೆಪಡುತ್ತಾರೆ. ಆ ಆಸೆ ಮುರಿದ ಮೇಲೂ ಇಂಥವರು ಯುದ್ಧದ ಪಕ್ಷಕ್ಕೆ ಹೋಗಲಾರರು, ತಮ್ಮ ಪಕ್ಷದಲ್ಲೂ ನೆಮ್ಮದಿಯಾಗಿ ನಿಲ್ಲಲಾರರು. ಉಳಿದ ಆಯುಷ್ಯವನ್ನು ಸರಿಯೆಂದು ತೋರಿದ್ದನ್ನೇ ಹೇಳುತ್ತ, ಹೇಳಿದ್ದಕ್ಕೆ ನೋಯುತ್ತ ಕಳೆಯುತ್ತಾರೆ.